ಬರ್ನ್ಲಿ ಬಿಟ್ಟುಕೊಟ್ಟಿದ್ದು 16 ಗೋಲು ಮಾತ್ರ. ಆದರೂ ಈ ಆತಂಕ ಯಾಕೆ?

2025ರ ಜುಲೈ ಕೊನೆಯಲ್ಲಿ ಗೋಲ್‌ಕೀಪರ್ ಜೇಮ್ಸ್ ಟ್ರಾಫರ್ಡ್ ಇಂಗ್ಲೆಂಡಿನ ಬರ್ನ್ಲಿ ಫುಟ್‌ಬಾಲ್ ಕ್ಲಬ್ ಬಿಟ್ಟು ಮ್ಯಾಂಚೆಸ್ಟರ್ ಸಿಟಿಗೆ ಹೋದರು. ಅದಕ್ಕೂ ಮೊದಲೇ ನಾಯಕ ಜೋಶ್ ಬ್ರೌನ್‌ಹಿಲ್ ಒಪ್ಪಂದ ಮುಗಿಸಿ ಹೊರಟಿದ್ದರು. ಡಿಫೆಂಡರ್ ಸಿ.ಜೆ. ಈಗನ್-ರೈಲಿ ಫ್ರಾನ್ಸಿನ ಮಾರ್ಸೇ ತಂಡ ಸೇರಿದ್ದರು. ಪ್ರೀಮಿಯರ್ ಲೀಗ್ ಶುರುವಾಗಲು ಎರಡು ವಾರ ಇರುವಾಗ ಬರ್ನ್ಲಿ ಬಗ್ಗೆ ಕೇಳಿಬರುತ್ತಿದ್ದ ಮಾತು ಒಂದೇ: ಈ ತಂಡ ಆ ಲೀಗಿನಲ್ಲಿ ಉಳಿಯುವುದು ಕಷ್ಟ.

ಫುಟ್‌ಬಾಲನ್ನು ದೂರದಿಂದ ನೋಡುವವರಿಗೆ ಇದು ಗೊಂದಲ ಹುಟ್ಟಿಸುತ್ತದೆ. ಯಾಕೆಂದರೆ ಇದೇ ಬರ್ನ್ಲಿ ಮೂರು ತಿಂಗಳ ಹಿಂದೆ ಎರಡನೇ ದರ್ಜೆಯ ಲೀಗಿನಲ್ಲಿ 100 ಅಂಕ ಗಳಿಸಿ ಪ್ರೀಮಿಯರ್ ಲೀಗಿಗೆ ಬಡ್ತಿ ಪಡೆದಿತ್ತು. 46 ಪಂದ್ಯಗಳಲ್ಲಿ ಸೋತಿದ್ದು ಎರಡೇ ಎರಡು. ಬಿಟ್ಟುಕೊಟ್ಟ ಗೋಲು ಬರೀ 16. ಇಷ್ಟೆಲ್ಲ ಮಾಡಿದ ತಂಡಕ್ಕೆ ಟ್ರೋಫಿಯೂ ಸಿಗಲಿಲ್ಲ, ಮುಂದಿನ ವರ್ಷದ ಭರವಸೆಯೂ ಇಲ್ಲ ಅಂದರೆ ಹೇಗೆ?

ಇದು ಬರ್ನ್ಲಿ ಒಂದರ ಕಥೆ ಅಲ್ಲ. ದಾಖಲೆ ಮುರಿಯುವ ಬಡ್ತಿಗೂ ಮರುವರ್ಷದ ಹಿಂಬಡ್ತಿಗೂ ಕಾರಣ ಒಂದೇ. ಅದನ್ನು ಇಲ್ಲಿ ಬಿಡಿಸಿ ನೋಡೋಣ.

ಮೊದಲು ಏಣಿಯ ಲೆಕ್ಕ

ಐಪಿಎಲ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಂದ ತಂಡ ಮುಂದಿನ ವರ್ಷವೂ ಐಪಿಎಲ್‌ನಲ್ಲೇ ಆಡುತ್ತದೆ. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಹಾಗಿಲ್ಲ. ಅಲ್ಲಿ ಲೀಗುಗಳು ಏಣಿಯ ಮೆಟ್ಟಿಲುಗಳ ಹಾಗೆ ಒಂದರ ಮೇಲೊಂದು ಇವೆ. ಮೇಲಿನ ಮೆಟ್ಟಿಲು ಪ್ರೀಮಿಯರ್ ಲೀಗ್, ಅಲ್ಲಿ 20 ಕ್ಲಬ್. ಅದರ ಕೆಳಗೆ ಚಾಂಪಿಯನ್‌ಶಿಪ್, ಅಲ್ಲಿ 24 ಕ್ಲಬ್. ಹೆಸರು ಚಾಂಪಿಯನ್‌ಶಿಪ್ ಅಂತಿದ್ದರೂ ಅದು ಎರಡನೇ ದರ್ಜೆಯ ಲೀಗ್. ರಣಜಿಯಲ್ಲಿ ಪ್ಲೇಟ್ ಗುಂಪಿನಿಂದ ಎಲೀಟ್ ಗುಂಪಿಗೆ ಏರುವುದನ್ನು ನೆನಪಿಸಿಕೊಂಡರೆ ಬಡ್ತಿಯ ವಿಚಾರ ಸುಲಭವಾಗಿ ತಿಳಿಯುತ್ತದೆ.

ಪ್ರತಿ ವರ್ಷ ಪ್ರೀಮಿಯರ್ ಲೀಗಿನ ಕೊನೆಯ ಮೂರು ಕ್ಲಬ್ಬುಗಳು ಕೆಳಗಿಳಿಯುತ್ತವೆ. ಚಾಂಪಿಯನ್‌ಶಿಪ್‌ನ ಮೊದಲ ಎರಡು ನೇರವಾಗಿ ಮೇಲೇರುತ್ತವೆ. ಮೂರರಿಂದ ಆರನೇ ಸ್ಥಾನದವರು ಪ್ಲೇಆಫ್ ಆಡುತ್ತಾರೆ. ಅದರಲ್ಲಿ ಗೆದ್ದ ಒಂದು ತಂಡಕ್ಕೆ ಮೂರನೇ ಸೀಟು.

ಪ್ಲೇಆಫ್ ಎಷ್ಟು ಕ್ರೂರ ಅನ್ನುವುದು 2025ರಲ್ಲೇ ಗೊತ್ತಾಯಿತು. ಮೂರನೇ ಸ್ಥಾನದ ಶೆಫೀಲ್ಡ್ ಯುನೈಟೆಡ್‌ಗೆ 90 ಅಂಕ ಇತ್ತು, ಅದೂ ಎರಡು ಅಂಕ ದಂಡವಾಗಿ ಕಳೆದ ಮೇಲೆ. ನಾಲ್ಕನೇ ಸ್ಥಾನದ ಸಂಡರ್‌ಲ್ಯಾಂಡ್‌ಗೆ 76. ಮೇ 24ರಂದು ವೆಂಬ್ಲಿಯಲ್ಲಿ ನಡೆದ ಫೈನಲ್‌ನಲ್ಲಿ ಸಂಡರ್‌ಲ್ಯಾಂಡ್ 90 ನಿಮಿಷ ದಾಟಿದ ಮೇಲೆ ಗೋಲು ಹೊಡೆದು 2-1ರಿಂದ ಗೆದ್ದಿತು. ಇಡೀ ವರ್ಷ 14 ಅಂಕ ಮುಂದಿದ್ದ ತಂಡ ಕೆಳಗೇ ಉಳಿಯಿತು. ಹಾಗಾಗಿ ಯಾವ ಕ್ಲಬ್ಬಿಗೂ ಪ್ಲೇಆಫ್‌ಗೆ ಬೀಳುವ ಮನಸ್ಸಿಲ್ಲ. ಮೊದಲ ಎರಡು ಸ್ಥಾನಕ್ಕೆ ಜೀವ ಬಿಟ್ಟು ಆಡುತ್ತಾರೆ.

ಆ 16ರ ತೂಕ

ಬರ್ನ್ಲಿ ಲ್ಯಾಂಕಾಶೈರಿನ ಒಂದು ಚಿಕ್ಕ ಊರು. ಒಂದು ಕಾಲಕ್ಕೆ ಹತ್ತಿ ಮಗ್ಗಗಳಿಂದ ಬದುಕಿದ ಊರು. ಜನಸಂಖ್ಯೆ ಒಂದು ಲಕ್ಷವೂ ಇಲ್ಲ. ಆದರೆ 1888ರಲ್ಲಿ ಫುಟ್‌ಬಾಲ್ ಲೀಗ್ ಹುಟ್ಟಿದಾಗ ಇದ್ದ 12 ಕ್ಲಬ್ಬುಗಳಲ್ಲಿ ಬರ್ನ್ಲಿಯೂ ಒಂದು. 1921 ಮತ್ತು 1960ರಲ್ಲಿ ಇಡೀ ಇಂಗ್ಲೆಂಡಿಗೆ ಚಾಂಪಿಯನ್ ಆಗಿತ್ತು. 1883ರಿಂದ ಇವತ್ತಿನವರೆಗೆ ಅದೇ ಟರ್ಫ್ ಮೂರ್ ಮೈದಾನದಲ್ಲಿ ಆಡುತ್ತಿದೆ.

2024-25ರಲ್ಲಿ ಈ ಕ್ಲಬ್ 28 ಪಂದ್ಯ ಗೆದ್ದಿತು, 16 ಡ್ರಾ ಮಾಡಿಕೊಂಡಿತು, 2 ಸೋತಿತು. 30 ಪಂದ್ಯಗಳಲ್ಲಿ ಎದುರಾಳಿಗೆ ಒಂದು ಗೋಲೂ ಸಿಗಲಿಲ್ಲ. ಅದರಲ್ಲಿ 12 ಪಂದ್ಯ ಸಾಲಾಗಿ ಬಂದವು. ನವೆಂಬರ್ 3ರಂದು ಮಿಲ್ವಾಲ್ ಎದುರು ಸೋತ ಮೇಲೆ ಉಳಿದ 33 ಪಂದ್ಯಗಳಲ್ಲಿ ಸೋಲೇ ಇಲ್ಲ.

46 ಪಂದ್ಯಗಳ ಋತುವಿನಲ್ಲಿ ಇದಕ್ಕೂ ಮೊದಲಿನ ದಾಖಲೆ ಜಿಲಿಂಗಮ್ ಕ್ಲಬ್ಬಿನದು. 1995-96ರಲ್ಲಿ, ನಾಲ್ಕನೇ ಮೆಟ್ಟಿಲಿನಲ್ಲಿ, ಅದು 20 ಗೋಲು ಬಿಟ್ಟುಕೊಟ್ಟಿತ್ತು. ಪ್ರೀಮಿಯರ್ ಲೀಗಿನ ದಾಖಲೆ 2004-05ರ ಚೆಲ್ಸಿಯದು, 38 ಪಂದ್ಯಕ್ಕೆ 15. ಪಂದ್ಯದ ಲೆಕ್ಕದಲ್ಲಿ ಚೆಲ್ಸಿಯದ್ದು 0.39, ಬರ್ನ್ಲಿಯದ್ದು 0.35. ಮೆಟ್ಟಿಲು ಬೇರೆ ನಿಜ. ಆದರೂ ಒಂಬತ್ತು ತಿಂಗಳು, ಕೆಲವು ವಾರ ಎರಡೆರಡು ಸಲ, ಮಳೆಯಲ್ಲಿ, ಕೆಸರಲ್ಲಿ, ಚಳಿಯಲ್ಲಿ ಈ ಮಟ್ಟದ ಏಕಾಗ್ರತೆ ಇಟ್ಟುಕೊಳ್ಳುವುದು ಸಣ್ಣ ಮಾತಲ್ಲ.

ಜನವರಿ 17ರ ರಾತ್ರಿಯನ್ನೇ ತೆಗೆದುಕೊಳ್ಳಿ. ಟರ್ಫ್ ಮೂರ್‌ನಲ್ಲಿ ಸಂಡರ್‌ಲ್ಯಾಂಡ್ ಎದುರು ಪಂದ್ಯ 0-0. ಆಟ ಮುಗಿಯುವ ಹೊತ್ತಿಗೆ ಸಂಡರ್‌ಲ್ಯಾಂಡ್‌ಗೆ ಪೆನಾಲ್ಟಿ ಸಿಕ್ಕಿತು. ವಿಲ್ಸನ್ ಇಸಿಡೋರ್ ಹೊಡೆದದ್ದನ್ನು ಟ್ರಾಫರ್ಡ್ ತಡೆದರು. ಕೆಲವೇ ನಿಮಿಷದಲ್ಲಿ ಇನ್ನೊಂದು ಪೆನಾಲ್ಟಿ. ಮತ್ತೆ ಇಸಿಡೋರ್, ಮತ್ತೆ ಟ್ರಾಫರ್ಡ್ ತಡೆದರು. ಆ ಒಂದು ಅಂಕ ಕೊನೆಗೆ 100ರಲ್ಲಿ ಸೇರಿತು.

ಹಾಗಾದರೆ ಟ್ರೋಫಿ ಯಾಕೆ ಸಿಗಲಿಲ್ಲ? ಲೀಡ್ಸ್ ಯುನೈಟೆಡ್ ಕೂಡ 100 ಅಂಕ ಗಳಿಸಿತು. ಬರ್ನ್ಲಿ ಹೊಡೆದದ್ದು 69 ಗೋಲು, ಲೀಡ್ಸ್ ಹೊಡೆದದ್ದು 95. ಅಂಕ ಸಮ ಆದಾಗ ಗೋಲು ಅಂತರ, ಅಂದರೆ ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದ ಲೆಕ್ಕ, ನೋಡುತ್ತಾರೆ. ಲೀಡ್ಸ್‌ಗೆ 65, ಬರ್ನ್ಲಿಗೆ 53. ಮೇ 3ರ ಕೊನೆಯ ದಿನ ಪ್ಲಿಮತ್‌ನಲ್ಲಿ ಲೀಡ್ಸ್ 1-1ರಲ್ಲಿ ನಿಂತಿತ್ತು. ಹಾಗೇ ಮುಗಿದಿದ್ದರೆ ಟ್ರೋಫಿ ಬರ್ನ್ಲಿಗೆ ಹೋಗುತ್ತಿತ್ತು. 90 ನಿಮಿಷ ದಾಟಿದ ಮೇಲೆ ಮನೋರ್ ಸೊಲೊಮನ್ ಗೋಲು ಹೊಡೆದರು. ಟ್ರೋಫಿ ಲೀಡ್ಸ್ ಪಾಲಾಯಿತು.

ಬಡ್ತಿಗೆ ಇದರಿಂದ ಏನೂ ತೊಂದರೆ ಆಗಲಿಲ್ಲ. ಏಪ್ರಿಲ್ 21ರಂದೇ ಎರಡೂ ತಂಡಗಳ ಸೀಟು ಖಚಿತವಾಗಿತ್ತು. ಅವತ್ತು ಶೆಫೀಲ್ಡ್ ಯುನೈಟೆಡ್ ಅನ್ನು ಬರ್ನ್ಲಿ 2-1ರಿಂದ ಸೋಲಿಸಿತ್ತು. ಎರಡು ಗೋಲೂ ಬ್ರೌನ್‌ಹಿಲ್ ಅವರದೇ.

ಅಂದು ದಾಖಲೆ ಅಂದರೆ ಭರವಸೆ

ಎರಡನೇ ಮೆಟ್ಟಿಲಿನಲ್ಲಿ ಒಂದು ಋತುವಿನ ಅತಿ ಹೆಚ್ಚು ಅಂಕದ ದಾಖಲೆ ರೆಡಿಂಗ್ ಕ್ಲಬ್ಬಿನದು: 2005-06ರಲ್ಲಿ 106. ಅದೂ ಎರಡೇ ಪಂದ್ಯ ಸೋತಿತ್ತು. ಮರುವರ್ಷ ಪ್ರೀಮಿಯರ್ ಲೀಗಿನಲ್ಲಿ ಅದು ಎಂಟನೇ ಸ್ಥಾನ ಪಡೆಯಿತು. ಅದಕ್ಕೂ ಮೊದಲು 1998-99ರಲ್ಲಿ 105 ಅಂಕ ಗಳಿಸಿದ್ದ ಸಂಡರ್‌ಲ್ಯಾಂಡ್ ಮರುವರ್ಷ ಏಳನೆಯದಾಗಿತ್ತು. 2013-14ರಲ್ಲಿ 102 ಅಂಕದೊಂದಿಗೆ ಏರಿದ ಲೆಸ್ಟರ್ ಮೊದಲ ವರ್ಷ ಹೇಗೋ ಉಳಿಯಿತು. ಎರಡನೇ ವರ್ಷ, 2016ರಲ್ಲಿ, ಇಡೀ ಲೀಗನ್ನೇ ಗೆದ್ದಿತು. ಅಂದರೆ ಕೆಳಗೆ ಭರ್ಜರಿಯಾಗಿ ಗೆದ್ದ ತಂಡ ಮೇಲೆಯೂ ಬದುಕುತ್ತದೆ ಅನ್ನುವ ನಂಬಿಕೆಗೆ ಆಧಾರ ಇತ್ತು.

ಈಗ 2025ಕ್ಕೆ ಮೊದಲಿನ ಎರಡು ವರ್ಷದ ಬಡ್ತಿ ನೋಡಿ.

2022-23ರಲ್ಲಿ ಬಡ್ತಿ ಪಡೆದ ಮೂರು ತಂಡಗಳು: 101 ಅಂಕದ ಬರ್ನ್ಲಿ, 91 ಅಂಕದ ಶೆಫೀಲ್ಡ್ ಯುನೈಟೆಡ್, 80 ಅಂಕದ ಲೂಟನ್. ಮರುವರ್ಷ ಪ್ರೀಮಿಯರ್ ಲೀಗಿನಲ್ಲಿ ಅವು ಗಳಿಸಿದ್ದು 24, 16, 26. ಮೂರೂ ಕೆಳಗಿಳಿದವು. 2023-24ರಲ್ಲಿ ಏರಿದ್ದು 97 ಅಂಕದ ಲೆಸ್ಟರ್, 96 ಅಂಕದ ಇಪ್ಸ್‌ವಿಚ್, 87 ಅಂಕದ ಸೌತಾಂಪ್ಟನ್. ಮರುವರ್ಷ ಸಿಕ್ಕಿದ್ದು 25, 22, 12. ಮತ್ತೆ ಮೂರೂ ಕೆಳಕ್ಕೆ.

ಏರಿದ ಮೂರು ತಂಡಗಳೂ ಮರುವರ್ಷವೇ ಇಳಿದ ಘಟನೆ ಪ್ರೀಮಿಯರ್ ಲೀಗಿನಲ್ಲಿ ಅದಕ್ಕೂ ಮೊದಲು ಆಗಿದ್ದು ಒಂದೇ ಸಲ, 1997-98ರಲ್ಲಿ. 2024 ಮತ್ತು 2025ರಲ್ಲಿ ಅದು ಸಾಲಾಗಿ ಎರಡು ವರ್ಷ ಆಯಿತು. ಅದರಲ್ಲೂ 2024-25ರ ಅಂತರ ನೋಡಿದರೆ ಗಾಬರಿಯಾಗುತ್ತದೆ. 17ನೇ ಸ್ಥಾನದಲ್ಲಿ ಉಳಿದ ಟಾಟನಂಗೆ 38 ಅಂಕ, 18ನೇ ಸ್ಥಾನದಲ್ಲಿ ಇಳಿದ ಲೆಸ್ಟರ್‌ಗೆ 25. ನಡುವೆ 13 ಅಂಕದ ಕಂದಕ. ವಸಂತ ಕಾಲ ಬರುವ ಹೊತ್ತಿಗೇ ಕೆಳಗಿನ ಹೋರಾಟ ಮುಗಿದುಹೋಗಿತ್ತು.

ಆತಂಕ ಇರುವುದು ಇಲ್ಲಿಯೇ. ಬರ್ನ್ಲಿಯ ಆಟಗಾರರು ಕಳಪೆ ಅಂತ ಯಾರೂ ಹೇಳುತ್ತಿಲ್ಲ. ಎರಡು ಮೆಟ್ಟಿಲುಗಳ ನಡುವಿನ ದೂರ ಜಾಸ್ತಿಯಾಗಿದೆ. ಆ ದೂರವನ್ನು ಅಳೆಯಲು ಕೆಳಗಿನ ಮೆಟ್ಟಿಲಿನ ದಾಖಲೆ ಸಾಕಾಗುವುದಿಲ್ಲ. ಒಂದು ತಂಡ ಚಾಂಪಿಯನ್‌ಶಿಪ್‌ನಲ್ಲಿ 100 ಅಂಕ ಗಳಿಸಿತು ಅಂದರೆ ಅಲ್ಲಿನ ಉಳಿದವರಿಗಿಂತ ಅದು ಎಷ್ಟು ಬಲಶಾಲಿ ಅನ್ನುವುದು ಗೊತ್ತಾಗುತ್ತದೆ, ಅಷ್ಟೇ.

ಹಣ ಎಲ್ಲಿಂದ, ಎಷ್ಟು

ದೂರ ಜಾಸ್ತಿಯಾಗಿದ್ದು ಯಾಕೆ? ಮುಖ್ಯ ಕಾರಣ ಟಿವಿ ಹಣ. ಪ್ರೀಮಿಯರ್ ಲೀಗ್ ಬ್ರಿಟನ್ ಒಳಗಿನ ಪ್ರಸಾರಕ್ಕೇ 2025ರಿಂದ ನಾಲ್ಕು ವರ್ಷಕ್ಕೆ 670 ಕೋಟಿ ಪೌಂಡಿನ ಒಪ್ಪಂದ ಮಾಡಿಕೊಂಡಿದೆ. ಹೊರದೇಶಗಳಿಂದ ಬರುವ ಹಣ ಬೇರೆ. ಭಾರತದಲ್ಲಿ ನಾವು ಶನಿವಾರ ಸಂಜೆ ಪಂದ್ಯ ನೋಡಲು ಕೊಡುವ ಚಂದಾ ಹಣವೂ ಆ ಹೊಳೆಗೇ ಸೇರುತ್ತದೆ.

ಈ ಹಣ ಹಂಚುವ ರೀತಿ ಪ್ರೀಮಿಯರ್ ಲೀಗಿನ ಒಳಗೆ ಸಾಕಷ್ಟು ಸಮನಾಗಿದೆ. 2024-25ರಲ್ಲಿ ಕಟ್ಟಕಡೆಗೆ ಬಂದ ಸೌತಾಂಪ್ಟನ್‌ಗೂ ಸುಮಾರು 10.9 ಕೋಟಿ ಪೌಂಡ್ ಸಿಕ್ಕಿತು. ಒಂದೇ ಮೆಟ್ಟಿಲು ಕೆಳಗೆ, ಚಾಂಪಿಯನ್‌ಶಿಪ್‌ನ ಸಾಮಾನ್ಯ ಕ್ಲಬ್ಬಿಗೆ ಲೀಗಿನ ಕಡೆಯಿಂದ ಸಿಗುವುದು 1 ಕೋಟಿ ಪೌಂಡಿನ ಆಸುಪಾಸು. ಸುಮಾರು ಹತ್ತು ಪಟ್ಟು ವ್ಯತ್ಯಾಸ.

ಇದರ ಪರಿಣಾಮ ಒಂದರ ಹಿಂದೊಂದು ಬರುತ್ತದೆ. ಮೇಲಿರುವ ಕ್ಲಬ್ ಆ ಹಣದಲ್ಲಿ ಒಳ್ಳೆಯ ಆಟಗಾರರನ್ನು ತರುತ್ತದೆ. ಮೂರು ನಾಲ್ಕು ವರ್ಷ ಮೇಲೆಯೇ ಉಳಿದರೆ ಬೆಂಚಿನಲ್ಲಿ ಕೂರುವವನೂ ಯಾವುದಾದರೂ ದೇಶದ ರಾಷ್ಟ್ರೀಯ ತಂಡದವನೇ ಆಗಿರುತ್ತಾನೆ. ಬ್ರೈಟನ್, ಬ್ರೆಂಟ್‌ಫರ್ಡ್, ಬೋರ್ನ್‌ಮತ್ ಒಂದು ಕಾಲಕ್ಕೆ ಬರ್ನ್ಲಿಯ ಹಾಗೆಯೇ ಚಿಕ್ಕ ಕ್ಲಬ್ಬುಗಳು. ಅವು ಸಮಯ ಸಿಕ್ಕಾಗ ಬೇರೂರಿದವು. ಹೊಸದಾಗಿ ಏರುವವನಿಗೆ ಸಿಗುವುದು ಒಂದು ಬೇಸಿಗೆ ಮಾತ್ರ. ಮೇ ಕೊನೆಯಿಂದ ಆಗಸ್ಟ್ ಮಧ್ಯದವರೆಗಿನ ಹನ್ನೆರಡು ವಾರದಲ್ಲಿ ಅವನು ನಾಲ್ಕು ವರ್ಷದ ಕೆಲಸ ಮುಗಿಸಬೇಕು.

ಪ್ಯಾರಾಚೂಟ್: ಜಗಳ ನಡೆಯುತ್ತಿರುವುದು ಇದರ ಮೇಲೆ

ಮೇಲಿನಿಂದ ಬಿದ್ದ ಕ್ಲಬ್ ಒಂದೇ ಏಟಿಗೆ ದಿವಾಳಿ ಆಗಬಾರದು ಅಂತ ಪ್ರೀಮಿಯರ್ ಲೀಗ್ ಸಹಾಯಧನ ಕೊಡುತ್ತದೆ. ಅದಕ್ಕೆ ಪ್ಯಾರಾಚೂಟ್ ಹಣ ಅಂತ ಹೆಸರು. ಪ್ರೀಮಿಯರ್ ಲೀಗಿನಲ್ಲಿ ಎಲ್ಲರಿಗೂ ಸಮನಾಗಿ ಹಂಚುವ ಪ್ರಸಾರ ಹಣದ ಪಾಲಿನಲ್ಲಿ ಮೊದಲ ವರ್ಷ ಶೇ. 55, ಎರಡನೇ ವರ್ಷ ಶೇ. 45, ಮೂರನೇ ವರ್ಷ ಶೇ. 20. ಒಂದೇ ವರ್ಷ ಮೇಲಿದ್ದು ಬಿದ್ದವರಿಗೆ ಮೂರನೇ ಕಂತು ಇಲ್ಲ. ಮೊದಲ ಕಂತೇ 5 ಕೋಟಿ ಪೌಂಡಿಗೆ ಹತ್ತಿರ ಇರುತ್ತದೆ.

ಈಗ ಚಾಂಪಿಯನ್‌ಶಿಪ್ ಒಳಗೆ ಏನಾಗುತ್ತದೆ ಯೋಚಿಸಿ. 24 ಕ್ಲಬ್ಬುಗಳಲ್ಲಿ ಕೆಲವಕ್ಕೆ ಮಾತ್ರ ಈ ಹಣ. ಉಳಿದವರ ಕೈಯಲ್ಲಿ ಅದರ ಕಾಲು ಭಾಗವೂ ಇಲ್ಲ. 2024ರಲ್ಲಿ ಕೆಳಗಿಳಿದ ಬರ್ನ್ಲಿ ಆ ಬೇಸಿಗೆಯಲ್ಲಿ ಹಲವರನ್ನು ಮಾರಿತು. ವಿಲ್ಸನ್ ಓಡೊಬೇರ್ ಟಾಟನಂಗೆ, ಸ್ಯಾಂಡರ್ ಬರ್ಗೆ ಫುಲಂಗೆ, ಡಾರಾ ಓಶೇ ಇಪ್ಸ್‌ವಿಚ್‌ಗೆ ಹೋದರು. ಆದರೂ ಟ್ರಾಫರ್ಡ್, ಮ್ಯಾಕ್ಸಿಮ್ ಎಸ್ಟೆವ್, ಜೋಶ್ ಕಲನ್ ಅಂಥವರನ್ನು ಉಳಿಸಿಕೊಳ್ಳಲು ಆಯಿತು. ಪ್ಯಾರಾಚೂಟ್ ಇಲ್ಲದ ಕ್ಲಬ್ಬಿಗೆ ಆ ಆಯ್ಕೆ ಇರುವುದು ತುಂಬಾ ಕಡಿಮೆ.

2022-23ರಿಂದ 2024-25ರವರೆಗಿನ ಮೂರು ಋತುಗಳಲ್ಲಿ ನೇರ ಬಡ್ತಿಯ ಆರು ಸೀಟುಗಳಲ್ಲಿ ಐದು ಪ್ಯಾರಾಚೂಟ್ ಹಣ ಪಡೆಯುತ್ತಿದ್ದ ಕ್ಲಬ್ಬುಗಳಿಗೇ ಹೋಗಿವೆ. ಇಪ್ಸ್‌ವಿಚ್ ಒಂದೇ ಅಪವಾದ. 2024-25ರಲ್ಲಿ 100 ಅಂಕ ಗಳಿಸಿದ ಎರಡೂ ಕ್ಲಬ್ಬುಗಳಿಗೆ ಆ ಹಣ ಬರುತ್ತಿತ್ತು, ಬರ್ನ್ಲಿಗೆ ಮೊದಲ ವರ್ಷದ್ದು, ಲೀಡ್ಸ್‌ಗೆ ಎರಡನೇ ವರ್ಷದ್ದು.

ಕೆಳಗಿನ ಮೂರು ಲೀಗುಗಳನ್ನು ನಡೆಸುವ ಇಎಫ್‌ಎಲ್ ಇದನ್ನು ವರ್ಷಗಳಿಂದ ವಿರೋಧಿಸುತ್ತಿದೆ. 2025ರಲ್ಲಿ ಅದರ ಅಧ್ಯಕ್ಷರಾಗಿದ್ದ ರಿಕ್ ಪ್ಯಾರಿ ಅವರ ವಾದ ಹೀಗಿತ್ತು: ಪ್ಯಾರಾಚೂಟ್ ಹಣ ಸ್ಪರ್ಧೆಯನ್ನು ಕೆಡಿಸುತ್ತದೆ. ಅದನ್ನು ಸರಿಗಟ್ಟಲು ಉಳಿದ ಕ್ಲಬ್ಬುಗಳು ಕೈಮೀರಿ ಖರ್ಚು ಮಾಡುತ್ತವೆ. ಎಷ್ಟೋ ವರ್ಷ ಚಾಂಪಿಯನ್‌ಶಿಪ್ ಕ್ಲಬ್ಬುಗಳ ಒಟ್ಟು ಸಂಬಳದ ಬಿಲ್ ಅವುಗಳ ಒಟ್ಟು ಆದಾಯವನ್ನೇ ಮೀರಿದೆ. ಎರಡೂ ಲೀಗುಗಳ ಪ್ರಸಾರ ಹಣವನ್ನು ಒಟ್ಟುಗೂಡಿಸಿ ಶೇ. 25 ಭಾಗ ಕೆಳಗಿನವರಿಗೆ ಕೊಡಿ ಅನ್ನುವುದು ಇಎಫ್‌ಎಲ್ ಬೇಡಿಕೆ.

ಪ್ರೀಮಿಯರ್ ಲೀಗಿನ ಉತ್ತರವನ್ನೂ ಕೇಳಬೇಕು. ಈ ಭದ್ರತೆ ಇಲ್ಲದಿದ್ದರೆ ಹೊಸದಾಗಿ ಏರಿದ ಕ್ಲಬ್ ಒಬ್ಬ ಒಳ್ಳೆಯ ಆಟಗಾರನಿಗೂ ನಾಲ್ಕು ವರ್ಷದ ಒಪ್ಪಂದ ಕೊಡಲು ಹೆದರುತ್ತದೆ. ಬಿದ್ದರೆ ಆ ಸಂಬಳ ಕೊಡುವುದು ಹೇಗೆ? ಹೆದರಿ ಖರ್ಚೇ ಮಾಡದಿದ್ದರೆ ಮೇಲಿನ ಲೀಗಿನಲ್ಲಿ ಅದು ಇನ್ನೂ ಹೀನಾಯವಾಗಿ ಸೋಲುತ್ತದೆ. ಈ ಮಾತಿನಲ್ಲಿ ಹುರುಳಿದೆ. ಜೊತೆಗೆ ಹಣ ಸಿಕ್ಕರೂ ಗೆಲುವು ಗ್ಯಾರಂಟಿ ಇಲ್ಲ. ಬರ್ನ್ಲಿಯ ಜೊತೆಗೇ ಬಿದ್ದ, ಅಷ್ಟೇ ಪ್ಯಾರಾಚೂಟ್ ಹಣ ಪಡೆದ ಲೂಟನ್ 2025ರಲ್ಲಿ ಮೂರನೇ ಮೆಟ್ಟಿಲಿಗೆ ಜಾರಿತು.

ಆದರೆ ಪ್ಯಾರಾಚೂಟ್ ಇಲ್ಲದೆ ವರ್ಷಗಟ್ಟಲೆ ಕಾಯುವುದು ಹೇಗಿರುತ್ತದೆ ಅಂತ ನೋಡಲು ಬರ್ನ್ಲಿಯಿಂದ ದೂರ ಹೋಗಬೇಕಾಗಿಲ್ಲ. ಪಕ್ಕದ ಊರು, ಬದ್ಧ ಎದುರಾಳಿ ಬ್ಲ್ಯಾಕ್‌ಬರ್ನ್ ಇದೆ. ಅದರ ಮಾಲೀಕರು ಪುಣೆಯ ವೆಂಕೀಸ್. 2010ರ ನವೆಂಬರ್‌ನಲ್ಲಿ ಕೊಂಡರು, 2012ರಲ್ಲಿ ಕ್ಲಬ್ ಪ್ರೀಮಿಯರ್ ಲೀಗಿನಿಂದ ಇಳಿಯಿತು. 1995ರಲ್ಲಿ ಲೀಗ್ ಗೆದ್ದಿದ್ದ ಆ ಕ್ಲಬ್ ಮತ್ತೆ ಮೇಲೆ ಹೋಗಿಲ್ಲ. ಕೊರತೆ ತುಂಬಲು ಮಾಲೀಕರು ಭಾರತದಿಂದ ಹಣ ಕಳಿಸುತ್ತಲೇ ಇರಬೇಕಾಯಿತು. ಅಭಿಮಾನಿಗಳ ಸಿಟ್ಟು ಬೇರೆ. 2024-25ರಲ್ಲಿ ಅದು ಏಳನೇ ಸ್ಥಾನಕ್ಕೆ ಬಂತು, ಪ್ಲೇಆಫ್‌ಗೆ ಒಂದೇ ಸ್ಥಾನ ಕಡಿಮೆ.

ನನಗೆ ಇಎಫ್‌ಎಲ್ ವಾದವೇ ಹೆಚ್ಚು ಸರಿ ಅನ್ನಿಸುತ್ತದೆ. ಪ್ಯಾರಾಚೂಟ್ ತೆಗೆದುಹಾಕಿ ಅಂತ ಅಲ್ಲ. ಹತ್ತು ಪಟ್ಟು ವ್ಯತ್ಯಾಸ ಹಾಗೇ ಇಟ್ಟುಕೊಂಡು, ಬಿದ್ದವರಿಗೆ ಮಾತ್ರ ಮೆತ್ತೆ ಹಾಸಿದರೆ ಅದೇ ನಾಲ್ಕೈದು ಕ್ಲಬ್ಬುಗಳು ಮೇಲೆ ಕೆಳಗೆ ಓಡಾಡುತ್ತಿರುತ್ತವೆ. ಕೆಳಗೆ ಬಂದಾಗ ದಾಖಲೆ ಮುರಿಯುತ್ತವೆ, ಮೇಲೆ ಹೋದಾಗ ದಾಖಲೆಯ ಸೋಲು ಕಾಣುತ್ತವೆ.

ಹೊಸ ಕಾನೂನು ಇಲ್ಲಿ ಮುಖ್ಯ ಆಗುತ್ತದೆ. 2025ರ ಜುಲೈ 21ರಂದು ಬ್ರಿಟನ್ನಿನ ಫುಟ್‌ಬಾಲ್ ಆಡಳಿತ ಕಾಯ್ದೆಗೆ ರಾಜಮುದ್ರೆ ಬಿತ್ತು. ಅದರ ಪ್ರಕಾರ ಸ್ವತಂತ್ರ ನಿಯಂತ್ರಕ ಸಂಸ್ಥೆ ಬರುತ್ತದೆ. ಹಣ ಹಂಚಿಕೆಯಲ್ಲಿ ಎರಡು ಲೀಗುಗಳು ಒಪ್ಪಂದಕ್ಕೆ ಬರದಿದ್ದರೆ ಕೊನೆಯ ಅಸ್ತ್ರವಾಗಿ ಆ ಸಂಸ್ಥೆ ಮಧ್ಯೆ ಬರಬಹುದು. ಪ್ಯಾರಾಚೂಟ್ ಹಣವೂ ಅದರ ವ್ಯಾಪ್ತಿಯೊಳಗೆ ಇದೆ. ಪ್ರೀಮಿಯರ್ ಲೀಗ್ ಇದಕ್ಕೆ ಜೋರಾಗಿ ವಿರೋಧಿಸಿತ್ತು. ಕೆಲಸ ಶುರುವಾಗಲು ಸಮಯ ಬೇಕಿತ್ತು, ಹಾಗಾಗಿ ಬರ್ನ್ಲಿಯ 2025-26ರ ಋತುವಿಗೆ ಅದರಿಂದ ಏನೂ ಬದಲಾಗುವಂತಿರಲಿಲ್ಲ.

ನಷ್ಟದ ಮಿತಿಯಲ್ಲೂ ಎರಡು ಅಳತೆ

ಹಣ ಇದ್ದವರು ಬೇಕಾದಷ್ಟು ಸುರಿಯಬಹುದಲ್ವಾ ಅಂತ ಕೇಳಬಹುದು. ಆಗುವುದಿಲ್ಲ. ಮೂರು ವರ್ಷದಲ್ಲಿ ಒಟ್ಟು 10.5 ಕೋಟಿ ಪೌಂಡಿಗಿಂತ ಜಾಸ್ತಿ ನಷ್ಟ ಮಾಡಬಾರದು ಅನ್ನುವ ನಿಯಮ 2025-26ರಲ್ಲಿ ಪ್ರೀಮಿಯರ್ ಲೀಗಿನಲ್ಲಿತ್ತು. ಅಂದರೆ ವರ್ಷಕ್ಕೆ 3.5 ಕೋಟಿ. ಆದರೆ ಕೆಳಗಿನ ಲೀಗಿನಲ್ಲಿದ್ದ ಪ್ರತಿ ವರ್ಷಕ್ಕೆ ಲೆಕ್ಕ ಹಿಡಿಯುತ್ತಿದ್ದುದು 1.3 ಕೋಟಿ ಮಾತ್ರ.

ಹಾಗಾಗಿ ಎಂಟು ವರ್ಷ ಕೆಳಗಿದ್ದು 2025ರಲ್ಲಿ ಏರಿದ ಸಂಡರ್‌ಲ್ಯಾಂಡ್‌ಗೆ 2025-26ರ ಋತು ಸೇರಿ ಮೂರು ವರ್ಷದ ಮಿತಿ 6.1 ಕೋಟಿ. ನಡುವೆ ಒಂದು ವರ್ಷ ಮೇಲಿದ್ದ ಬರ್ನ್ಲಿಗೆ 8.3 ಕೋಟಿ. ಎದುರಾಳಿಗಳಿಗೆ 10.5. ಓಟ ಒಂದೇ, ಆದರೆ ಹೊಸಬರು ಹಿಂದಿನಿಂದ ಓಡಬೇಕಿತ್ತು. ನಾಟಿಂಗ್‌ಹ್ಯಾಮ್ ಫಾರೆಸ್ಟ್ 2022ರಲ್ಲಿ ಏರಿದಾಗ ಒಂದೇ ಬೇಸಿಗೆಯಲ್ಲಿ 20ಕ್ಕೂ ಹೆಚ್ಚು ಆಟಗಾರರನ್ನು ತಂದಿತು. ಉಳಿಯಿತು. ಆದರೆ 6.1 ಕೋಟಿಯ ಮಿತಿ ಮೀರಿದ್ದಕ್ಕೆ 2024ರಲ್ಲಿ ನಾಲ್ಕು ಅಂಕ ಕಳೆದುಕೊಂಡಿತು. ಆ ವರ್ಷವೂ ಉಳಿಯಿತು, ಅದು ಬೇರೆ ಮಾತು.

ಬರ್ನ್ಲಿಗೆ ಇನ್ನೊಂದು ಕಟ್ಟು ಇದೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಎಎಲ್‌ಕೆ ಕ್ಯಾಪಿಟಲ್ ಈ ಕ್ಲಬ್ಬನ್ನು ಕೊಂಡಾಗ ಆ ಖರೀದಿಗೆ ಮಾಡಿದ ಸಾಲದ ಭಾರ ಕ್ಲಬ್ಬಿನ ಮೇಲೇ ಬಿತ್ತು. ಅಂಥ ಕ್ಲಬ್ ಆಟಗಾರರನ್ನು ಮಾರುವುದು ಹಟಕ್ಕಲ್ಲ. ಬದುಕಲು ಮಾರುತ್ತದೆ.

ಡಿಫೆನ್ಸ್ ಮೇಲೆಯೂ ಜೊತೆಗೆ ಬರುತ್ತದಾ?

ಬರ್ನ್ಲಿ ವಿಷಯದಲ್ಲಿ ಆಟದ ತಜ್ಞರು ಎರಡು ಗುಂಪಾಗಿದ್ದುದು ಈ ಪ್ರಶ್ನೆಗೆ.

2022-23ರ 101 ಅಂಕದ ಬರ್ನ್ಲಿಯ ಕೋಚ್ ವಿನ್ಸೆಂಟ್ ಕೊಂಪನಿ. ಅವರ ತಂಡ ಚೆಂಡನ್ನು ತನ್ನ ಕಾಲಲ್ಲೇ ಇಟ್ಟುಕೊಂಡು, ಗೋಲ್‌ಕೀಪರ್‌ನಿಂದಲೇ ಆಟ ಕಟ್ಟುತ್ತಿತ್ತು. 87 ಗೋಲು ಹೊಡೆಯಿತು. ನೋಡಲು ಚೆಂದ. ಮೇಲೆ ಹೋದಾಗ ಅದೇ ಆಟ ಆಡಿತು. ಅಲ್ಲಿನ ಮುಂಪಡೆ ಆಟಗಾರರು ಓಡಿಬಂದು ಚೆಂಡು ಕಸಿದರು. ತವರಿನ ಮೊದಲ ಏಳು ಪಂದ್ಯಗಳನ್ನೂ ಸೋತು, ಋತು ಮುಗಿಯುವಾಗ 78 ಗೋಲು ಬಿಟ್ಟುಕೊಟ್ಟಿತ್ತು.

2024-25ರಲ್ಲಿ ಕೋಚ್ ಆಗಿದ್ದ ಸ್ಕಾಟ್ ಪಾರ್ಕರ್ ಅದರಿಂದ ಪಾಠ ಕಲಿತ ಹಾಗೆ ಕಾಣುತ್ತದೆ. ಅವರು ತಂಡವನ್ನು ಹಿಂದಿನಿಂದ ಕಟ್ಟಿದರು. ಮಧ್ಯದಲ್ಲಿ ಎಸ್ಟೆವ್ ಮತ್ತು ಈಗನ್-ರೈಲಿ. ಅವರ ಮುಂದೆ ಕಲನ್ ಮತ್ತು ಜೋಶ್ ಲಾರೆಂಟ್ ಕಾವಲು. ಗೋಲು ಬೇಕು ಅಂತ ಆತುರಪಟ್ಟು ಯಾರೂ ಜಾಗ ಬಿಡುವಂತಿರಲಿಲ್ಲ. 16 ಡ್ರಾ ಬಂದಿದ್ದು ಅದಕ್ಕೇ. ಬೋರು ಹೊಡೆಸುತ್ತಾರೆ ಅನ್ನುವ ದೂರು ಮೊದಲರ್ಧದಲ್ಲಿ ಕೇಳಿಬರುತ್ತಿತ್ತು. ಅಂಕ ಏರಿದ ಹಾಗೆ ದೂರು ಇಳಿಯಿತು.

ಒಂದು ಗುಂಪು ಹೇಳುವುದು: ಮೇಲಿನ ಲೀಗಿನಲ್ಲಿ ಹೇಗೂ ಚೆಂಡು ಎದುರಾಳಿಯ ಬಳಿಯೇ ಜಾಸ್ತಿ ಇರುತ್ತದೆ. ಆಗ ಬೇಕಾಗುವುದು ಶಿಸ್ತಿನ ರಕ್ಷಣೆ. ಕೊಂಪನಿಯ ತಂಡ ಮೇಲೆ ಹೋಗಿ ಕಲಿಯಬೇಕಿದ್ದದ್ದನ್ನು ಪಾರ್ಕರ್ ತಂಡ ಕೆಳಗೇ ಕಲಿತಿದೆ.

ಇನ್ನೊಂದು ಗುಂಪಿನ ಮಾತು: ಚಾಂಪಿಯನ್‌ಶಿಪ್‌ನಲ್ಲಿ ಅರ್ಧ ಅವಕಾಶ ಸಿಕ್ಕರೆ ಎದುರಾಳಿ ಹೊರಗೆ ಹೊಡೆಯುತ್ತಾನೆ, ಪ್ರೀಮಿಯರ್ ಲೀಗಿನಲ್ಲಿ ಅದೇ ಅವಕಾಶ ಗೋಲಾಗುತ್ತದೆ. ಇದಕ್ಕೆ ಟ್ರಾಫರ್ಡ್ ಅವರೇ ಉದಾಹರಣೆ. 2023-24ರಲ್ಲಿ ಪ್ರೀಮಿಯರ್ ಲೀಗಿನಲ್ಲಿ ಗೋಲಿನ ಮೇಲೆ ಗೋಲು ಬಿಟ್ಟು, ಮಾರ್ಚ್ ಹೊತ್ತಿಗೆ ತಂಡದಲ್ಲಿ ಜಾಗ ಕಳೆದುಕೊಂಡಿದ್ದರು. ಮರುವರ್ಷ ಕೆಳಗೆ ಅವರೇ ಗೋಡೆಯಾದರು. ಅವರು ಸುಧಾರಿಸಿದ್ದು ನಿಜ. ಎದುರಿನವರು ಬದಲಾಗಿದ್ದೂ ನಿಜ.

ಪಾರ್ಕರ್ ಅವರ ಹಿಂದಿನ ಲೆಕ್ಕವೂ ಈ ಎರಡನೇ ಗುಂಪಿನ ಕೈಗೆ ಸಿಕ್ಕಿದೆ. ಫುಲಂ ಅನ್ನು 2020ರಲ್ಲಿ ಮೇಲೇರಿಸಿದರು, 2021ರಲ್ಲಿ ಇಳಿಯಿತು. ಬೋರ್ನ್‌ಮತ್ ಅನ್ನು 2022ರಲ್ಲಿ ಮೇಲೇರಿಸಿದರು. ನಾಲ್ಕನೇ ಪಂದ್ಯದಲ್ಲಿ ಲಿವರ್‌ಪೂಲ್ ಎದುರು 0-9ರಿಂದ ಸೋತ ಮೇಲೆ ಕೆಲಸ ಹೋಯಿತು. ಆದರೂ ಆ ವರ್ಷ ಬೋರ್ನ್‌ಮತ್ ಉಳಿಯಿತು. ಇಷ್ಟು ದೊಡ್ಡ ತೀರ್ಪು ಕೊಡಲು ಆ ನಾಲ್ಕು ಪಂದ್ಯ ಸಾಲದು ಅಂತ ನನ್ನ ಅನಿಸಿಕೆ.

ನಿಜವಾದ ಚಿಂತೆ ಗೋಲು ಹೊಡೆಯುವ ಕಡೆ ಇದೆ. 69 ಗೋಲುಗಳಲ್ಲಿ 18 ಬ್ರೌನ್‌ಹಿಲ್ ಅವರವು. ಅವರೇ ಈಗ ಇಲ್ಲ. 0-0 ಆಡುವ ತಂಡಕ್ಕೆ ಮೇಲೆ 0-1 ಸೋಲುವುದು ಬಹಳ ಸುಲಭ.

2025ರ ಆಗಸ್ಟ್‌ನಿಂದ ನೋಡಿದರೆ: ಮುಂದೆ ಏನಾಗಬಹುದು

2025ರ ಬೇಸಿಗೆಯಲ್ಲಿ ಬರ್ನ್ಲಿ ಸುಮ್ನೆ ಕೂತಿರಲಿಲ್ಲ. ಮ್ಯಾಂಚೆಸ್ಟರ್ ಸಿಟಿಯಿಂದ 35 ವರ್ಷದ ಕೈಲ್ ವಾಕರ್ ಬಂದರು. ಫೆಯೆನೂರ್ಡ್‌ನಿಂದ ಕ್ವಿಲಿಂಡ್ಸ್‌ಕಿ ಹಾರ್ಟ್‌ಮನ್, ಜರ್ಮನಿಯಿಂದ ಗೋಲ್‌ಕೀಪರ್ ಮ್ಯಾಕ್ಸ್ ವೈಸ್ ಬಂದರು. ಬೇರೆ ಕ್ಲಬ್ಬಿನಿಂದ ಎರವಲಾಗಿ ಬಂದು ಆಡುತ್ತಿದ್ದ ಕೆಲವರನ್ನು ಪೂರ್ತಿಯಾಗಿ ಕೊಂಡರು. ಎಸ್ಟೆವ್ ಮತ್ತು ಕಲನ್ ಇನ್ನೂ ಇದ್ದರು. ಟ್ರಾಫರ್ಡ್ ಮಾರಾಟದಿಂದ ಸುಮಾರು 2.7 ಕೋಟಿ ಪೌಂಡ್ ಬಂದಿದೆ ಅನ್ನುವುದು ವರದಿ.

ಉಳಿದರೆ, ಮುಂದಿನ ವರ್ಷದ ಟಿವಿ ಹಣ, ದೊಡ್ಡದಾಗುವ ನಷ್ಟದ ಮಿತಿ, ಆಟಗಾರರಿಗೆ ನಂಬಿಕೆ ಎಲ್ಲ ಒಟ್ಟಿಗೆ ಬರುತ್ತದೆ. ಫುಲಂ 2018ರಿಂದ 2022ರವರೆಗೆ ಏರಿ, ಇಳಿದು, ಏರಿ, ಇಳಿದು, ಮತ್ತೆ ಏರಿತು. ಮೂರನೇ ಸಲ ನೆಲೆ ನಿಂತಿತು. ಆ 2022ರಲ್ಲಿ ಏರಿದ ಫುಲಂ, ಬೋರ್ನ್‌ಮತ್, ಫಾರೆಸ್ಟ್ ಮೂರೂ 2025ರಲ್ಲೂ ಮೇಲಿದ್ದವು. ಅದು ಆಗಿ ಬಹಳ ವರ್ಷವೇನೂ ಆಗಿಲ್ಲ. ದಾರಿ ಪೂರ್ತಿ ಮುಚ್ಚಿಲ್ಲ ಅಂತ ಹೇಳಲು ಇದು ಸಾಕು.

ಬಿದ್ದರೆ, ಮತ್ತೆ ಎರಡು ವರ್ಷದ ಪ್ಯಾರಾಚೂಟ್. 2022ರಲ್ಲಿ ಇಳಿದು, 2023ರಲ್ಲಿ ಏರಿ, 2024ರಲ್ಲಿ ಇಳಿದು, 2025ರಲ್ಲಿ ಏರಿದ ಕ್ಲಬ್ಬಿಗೆ ಆ ದಾರಿ ಚೆನ್ನಾಗಿ ಗೊತ್ತು. ಆದರೆ ಪ್ರತಿ ಸಲ ಒಂದು ತಂಡವನ್ನು ಒಡೆದು ಇನ್ನೊಂದು ಕಟ್ಟಬೇಕು. ನಾರ್ವಿಚ್ 2019ರಿಂದ 2022ರವರೆಗೆ ಇದೇ ಆಟ ಆಡಿತು. ಪ್ಯಾರಾಚೂಟ್ ಮುಗಿದ ಮೇಲೆ, 2025ರಲ್ಲೂ, ಚಾಂಪಿಯನ್‌ಶಿಪ್‌ನಲ್ಲೇ ಇತ್ತು.

2025-26ರಲ್ಲಿ ಸಂಡರ್‌ಲ್ಯಾಂಡ್ ಮತ್ತು ಲೀಡ್ಸ್ ಮೇಲೂ ಕಣ್ಣಿಡಬೇಕು. 76 ಅಂಕದ, ಪ್ಯಾರಾಚೂಟ್ ಇಲ್ಲದ ಸಂಡರ್‌ಲ್ಯಾಂಡ್ 100 ಅಂಕದವರಿಗಿಂತ ಚೆನ್ನಾಗಿ ಆಡಿದರೆ ಬಡ್ತಿಯ ಅಂಕಗಳಿಗೂ ಮೇಲಿನ ಬದುಕಿಗೂ ಸಂಬಂಧ ಕಡಿಮೆ ಅನ್ನುವುದು ಇನ್ನಷ್ಟು ಗಟ್ಟಿಯಾಗುತ್ತದೆ. ಮೂರನೇ ವರ್ಷವೂ ಮೂವರೂ ಬಿದ್ದರೆ, ಹೊಸ ನಿಯಂತ್ರಕರ ಮೇಜಿನ ಮೇಲೆ ಬರುವ ಮೊದಲ ಕಡತ ಅದೇ ಆಗಬಹುದು.

ಬರ್ನ್ಲಿಯ ಮೊದಲ ಪಂದ್ಯ 2025ರ ಆಗಸ್ಟ್ 16ರಂದು ಟಾಟನಂ ಎದುರು, ಲಂಡನ್ನಿನಲ್ಲಿ. ತವರಿನ ಮೊದಲ ಪಂದ್ಯ ಆಗಸ್ಟ್ 23ರಂದು. ಜನವರಿಯ ಆ ರಾತ್ರಿ ಎರಡು ಪೆನಾಲ್ಟಿ ತಡೆದ ಅದೇ ಟರ್ಫ್ ಮೂರ್, ಎದುರಿಗೆ ಅದೇ ಸಂಡರ್‌ಲ್ಯಾಂಡ್. ಗೋಲಿನ ಕಂಬಗಳ ನಡುವೆ ಮಾತ್ರ ಬೇರೆಯವರು ನಿಂತಿರುತ್ತಾರೆ.